ಸೋಲಲು ಸಿಗುವುದು ಒಂದೇ ಟ್ರಿಕ್: ಬ್ರಿಜ್ ಸ್ಲ್ಯಾಮ್‌ನಲ್ಲಿ ಫಿನೆಸ್, ಎಂಡ್‌ಪ್ಲೇ, ಸ್ಕ್ವೀಜ್ ಪೈಕಿ ಯಾವುದು, ಯಾವಾಗ?

ಧಾರವಾಡದ ಮಾಳಮಡ್ಡಿಯಲ್ಲಿ ಒಂದು ಹಂಚಿನ ಮನೆ. ಭಾನುವಾರ ಊಟ ಮುಗಿಸಿ ನಾಲ್ವರು ಅಲ್ಲಿ ಬ್ರಿಜ್ ಆಡಲು ಕೂಡುತ್ತೇವೆ. ಮನೆಯೊಡೆಯರು ನಿವೃತ್ತ ಗಣಿತ ಮಾಸ್ತರರು. ಅವರ ಹೆಂಡತಿಯನ್ನು ನಾವೆಲ್ಲ ವೈನಿ ಎಂದೇ ಕರೆಯುವುದು. ನನ್ನ ಜೊತೆಗಾರ ಬ್ಯಾಂಕಿನವನು. ಕಚೇರಿಯಲ್ಲಿ ಸಾಲ ಕೊಡಲು ಹತ್ತು ಸಲ ಯೋಚಿಸುವವನು ಬಿಡ್ಡಿಂಗ್‌ನಲ್ಲಿ ಮಾತ್ರ ಕೈ ಬಿಚ್ಚಿ ಕೊಡುತ್ತಾನೆ. ನಾನು ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಬರುತ್ತೇನೆ. ಹೋಗುವಾಗ ಆಟದ ಕನಸು, ಬರುವಾಗ ಆಟದ ಮರಣೋತ್ತರ ಪರೀಕ್ಷೆ.

ಕಳೆದ ಶ್ರಾವಣದ ಒಂದು ಭಾನುವಾರ ಹೊರಗೆ ಜಿಟಿಜಿಟಿ ಮಳೆ, ಒಳಗೆ ನನ್ನ ಪಾಲಿಗೆ ಆರು ನೋಟ್ರಂಪ್, ಅಂದರೆ ತುರುಫೇ ಇಲ್ಲದೆ ಹದಿಮೂರರಲ್ಲಿ ಹನ್ನೆರಡು ಟ್ರಿಕ್ (ಸುತ್ತು) ಗೆಲ್ಲುತ್ತೇನೆ ಎಂಬ ಮಾತು. ಹನ್ನೊಂದು ಟ್ರಿಕ್ ಕಣ್ಣಿಗೆ ಕಾಣುತ್ತಿದ್ದವು, ಹನ್ನೆರಡನೆಯದು ಬರಲೇ ಇಲ್ಲ. ವಲ್ನರಬಲ್ ಇದ್ದೆವು, ಅಂದರೆ ಬಹುಮಾನವೂ ದಂಡವೂ ಹೆಚ್ಚು. ನಮಗೆ 1440 ಅಂಕ ಬರಬೇಕಿದ್ದ ಕಡೆ ಅವರಿಗೆ 100 ಹೋಯಿತು. ಮಾಸ್ತರರು ಅಂಕ ಬರೆಯುವ ಮೊದಲು ಕೇಳಿದ್ದು ಒಂದೇ ಮಾತು: ‘ಎಕ್ಕ ಹಾಕಲು ಅಷ್ಟೇನು ಅವಸರವಿತ್ತು?’

ಆ ಪ್ರಶ್ನೆ ಅಂದು ನನಗೆ ಅರ್ಥವಾಗಿರಲಿಲ್ಲ. ಅರ್ಥವಾದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಬ್ರಿಜ್ ಆಡಲು ಬರುತ್ತದೆ, ಸ್ಲ್ಯಾಮ್ ಹೇಳುವ ಧೈರ್ಯವೂ ಇದೆ, ಆದರೆ ಡಮ್ಮಿ, ಅಂದರೆ ಜೊತೆಗಾರನ ತೆರೆದಿಟ್ಟ ಎಲೆಗಳು, ಮೇಜಿಗೆ ಬಿದ್ದ ಮೇಲೆ ಯಾವ ದಾರಿ ಹಿಡಿಯಬೇಕು ಎಂದು ತಡಕಾಡುವವರಿಗಾಗಿ.

ಪದಗಳ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಇಸ್ಪೀಟು, ಆಠೀನು, ಕಳಾವರ ಎಂಬ ಹಳೆಯ ಹೆಸರುಗಳು ಮನೆಯಾಟದಲ್ಲಿ ಚೆನ್ನ. ಬ್ರಿಜ್ ಮೇಜಿನಲ್ಲಿ ಎಲ್ಲರೂ ಸ್ಪೇಡ್, ಹಾರ್ಟ್, ಡೈಮಂಡ್, ಕ್ಲಬ್ ಎನ್ನುವುದರಿಂದ ನಾನೂ ಹಾಗೆಯೇ ಬರೆಯುತ್ತೇನೆ. ‘ಬಣ್ಣ’ ಎಂದರೆ ಈ ನಾಲ್ಕರಲ್ಲೊಂದು. ಎಕ್ಕ, ರಾಜ, ರಾಣಿ, ಗುಲಾಮ, ತುರುಫುಗಳನ್ನು ಮಾತ್ರ ಬಿಟ್ಟುಕೊಡುವುದಿಲ್ಲ.

ಒಂದೇ ಸೋಲು, ಖರ್ಚಿನ ಹೊತ್ತು ಬೇರೆ

ಸಣ್ಣ ಸ್ಲ್ಯಾಮ್ ಎಂದರೆ ಹದಿಮೂರರಲ್ಲಿ ಹನ್ನೆರಡು. ಒಂದು ಟ್ರಿಕ್ ಸೋಲಲು ನಿಮಗೆ ಪರವಾನಗಿ ಇದೆ. ನನ್ನಂಥವರು ಅದನ್ನು ಬ್ಯಾಂಕಿನಲ್ಲಿಟ್ಟ ಠೇವಣಿಯಂತೆ ಕೊನೆಯವರೆಗೂ ಕಾಯುತ್ತೇವೆ, ಕೊನೆಗೆ ಎರಡು ಟ್ರಿಕ್ ಸೋಲುತ್ತೇವೆ. ಸ್ಲ್ಯಾಮ್ ಆಡುವ ದಾರಿಗಳನ್ನು ಹೋಲಿಸುವಾಗ ನಾನು ಈಗ ಕೇಳಿಕೊಳ್ಳುವ ಮೊದಲ ಪ್ರಶ್ನೆ: ಈ ಒಂದು ಸೋಲನ್ನು ಯಾವಾಗ ಖರ್ಚು ಮಾಡಬೇಕು? ಸ್ಕ್ವೀಜ್ (ಎದುರಾಳಿ ತನಗೆ ಬೇಕಾದ ಎಲೆಯನ್ನೇ ಎಸೆಯುವಂತೆ ಹಿಂಡುವುದು) ಬೇಕಾದರೆ ಮೊದಲಿಗೇ ಕೊಟ್ಟುಬಿಡಬೇಕು. ಎಂಡ್‌ಪ್ಲೇ (ಎದುರಾಳಿಗೆ ಟ್ರಿಕ್ ಕೊಟ್ಟು, ನಮಗೆ ಅನುಕೂಲವಾದ ಎಲೆಯನ್ನೇ ಅವನಿಂದ ಆಡಿಸುವುದು) ಬೇಕಾದರೆ ಅದೇ ಸೋಲನ್ನು ಕೊನೆಗೆ ಉಳಿಸಿಕೊಳ್ಳಬೇಕು. ಫಿನೆಸ್ (ಹೊರಗಿನ ದೊಡ್ಡ ಎಲೆ ಇಂಥ ಕಡೆಯೇ ಇದೆ ಎಂದು ನಂಬಿ ಅದಕ್ಕಿಂತ ಸಣ್ಣ ಎಲೆಯಿಂದ ಗೆಲ್ಲಲು ನೋಡುವುದು) ಎರಡೂ ಹೊತ್ತಿನಲ್ಲಿ ಆಡಬಹುದು, ಆದರೆ ಎರಡರ ಬೆಲೆ ಒಂದೇ ಅಲ್ಲ. ಶೇಕಡಾ ಲೆಕ್ಕ ಇದೆಲ್ಲ ಆದ ಮೇಲೆ.

ನಾನು ಕಳೆದುಕೊಂಡ ಕೈ

ಉತ್ತರ, ಅಂದರೆ ಡಮ್ಮಿ: ಸ್ಪೇಡ್ ರಾಜ 7 5, ಹಾರ್ಟ್ ಎಕ್ಕ 6 2, ಡೈಮಂಡ್ ಎಕ್ಕ ರಾಜ 7 4, ಕ್ಲಬ್ ರಾಣಿ 8 3.
ದಕ್ಷಿಣ, ಅಂದರೆ ನಾನು: ಸ್ಪೇಡ್ ಎಕ್ಕ ರಾಣಿ 3, ಹಾರ್ಟ್ 9 5 4, ಡೈಮಂಡ್ ರಾಣಿ 6 2, ಕ್ಲಬ್ ಎಕ್ಕ ರಾಜ ಗುಲಾಮ 10.

ನನ್ನ ಎಡಗಡೆ ಪಶ್ಚಿಮದಲ್ಲಿ ಮಾಸ್ತರರು. ಅವರ ಲೀಡ್, ಅಂದರೆ ಆಟದ ಮೊದಲ ಎಲೆ, ಹಾರ್ಟ್ ರಾಜ. ಎಣಿಸಿ ನೋಡಿ: ಸ್ಪೇಡ್ ಮೂರು, ಹಾರ್ಟ್ ಒಂದು, ಡೈಮಂಡ್ ಮೂರು, ಕ್ಲಬ್ ನಾಲ್ಕು, ಒಟ್ಟು ಹನ್ನೊಂದು. ಡಮ್ಮಿಯ ನಾಲ್ಕನೆಯ ಡೈಮಂಡ್ ನಿಂತರೆ ಹನ್ನೆರಡು. ಹೊರಗಿರುವ ಆರು ಡೈಮಂಡ್‌ಗಳು 3-3 ಹಂಚಿಕೆಯಾಗುವ ಸಾಧ್ಯತೆ ಶೇಕಡಾ 35.5. ಉಳಿದದ್ದು ದೇವರ ಇಚ್ಛೆ ಎಂದುಕೊಂಡು ನಾನು ಎಕ್ಕದಿಂದ ಗೆದ್ದೆ, ಸ್ಪೇಡ್ ಮೂರು ಸುತ್ತು, ಕ್ಲಬ್ ನಾಲ್ಕು ಸುತ್ತು ಓಡಿಸಿದೆ. ಮಾಸ್ತರರು ಮುಖದ ಒಂದು ಗೆರೆಯೂ ಅಲುಗದಂತೆ ಮೂರು ಹಾರ್ಟ್ ಎಸೆದರು. ಆಗ ಐದು ಎಲೆ ಉಳಿದಿದ್ದವು, ಅವರ ಕೈಯಲ್ಲಿ ಹಾರ್ಟ್ ರಾಣಿ ಮತ್ತು ಡೈಮಂಡ್ ಗುಲಾಮ 10 8 3. ಐದು ಎಲೆಗೆ ಐದು ಜಾಗ. ಯಾವ ಇಕ್ಕಟ್ಟೂ ಇಲ್ಲ. ಡೈಮಂಡ್ ಮೂರು ಗೆದ್ದೆ, ನಾಲ್ಕನೆಯದನ್ನು ಗುಲಾಮ ತಿಂದ, ಕೊನೆಗೆ ಹಾರ್ಟ್ ರಾಣಿ.

ಈಗ ಮೊದಲ ಟ್ರಿಕ್‌ಗೆ ಹಿಂತಿರುಗಿ. ಹಾರ್ಟ್ ರಾಜನಿಗೆ ಡಮ್ಮಿಯಿಂದ 2, ಕೈಯಿಂದ 4 ಹಾಕಿ ಸುಮ್ಮನೆ ಬಿಟ್ಟುಕೊಡಿ. ಮಾಸ್ತರರು ಹಾರ್ಟ್ ರಾಣಿ ಮುಂದುವರಿಸುತ್ತಾರೆ, ಎಕ್ಕದಿಂದ ಗೆಲ್ಲಿ. ಮತ್ತೆ ಅದೇ ಸ್ಪೇಡ್ ಮೂರು, ಕ್ಲಬ್ ನಾಲ್ಕು. ಕೊನೆಯ ಕ್ಲಬ್ ನಿಮ್ಮ ಕೈಯಿಂದ ಬೀಳುವ ಹೊತ್ತಿಗೆ ಮಾಸ್ತರರ ಬಳಿ ಐದು ಎಲೆ: ಹಾರ್ಟ್ ಗುಲಾಮ, ಡೈಮಂಡ್ ಗುಲಾಮ 10 8 3. ಆದರೆ ಈ ಸಲ ಉಳಿಯಬೇಕಾದದ್ದು ನಾಲ್ಕೇ ಎಲೆ. ಹಾರ್ಟ್ ಗುಲಾಮ ಎಸೆದರೆ ನಿಮ್ಮ ಕೈಯ ಹಾರ್ಟ್ 9 ಎಲ್ಲಕ್ಕಿಂತ ದೊಡ್ಡದಾಗುತ್ತದೆ, ಅಲ್ಲಿಗೆ ಹೋಗಲು ಡೈಮಂಡ್ ರಾಣಿ ಇದ್ದಾಳೆ. ಡೈಮಂಡ್ ಎಸೆದರೆ ಡಮ್ಮಿಯ ನಾಲ್ಕೂ ಡೈಮಂಡ್ ನಿಲ್ಲುತ್ತವೆ. ಅತ್ತ ದರಿ, ಇತ್ತ ಪುಲಿ. ಸ್ಕ್ವೀಜ್ ಎಂದರೆ ಇಷ್ಟೇ.

ಎರಡೂ ಆಟಗಳಲ್ಲಿ ಎಲೆಗಳು ಅವೇ, ಓಡಿಸಿದ್ದೂ ಅದೇ ಏಳು ಟ್ರಿಕ್. ವ್ಯತ್ಯಾಸ ಒಂದು ಸಡಿಲ ಎಲೆ. ನಾನು ಸೋಲನ್ನು ಬಚ್ಚಿಟ್ಟಾಗ ಆ ಎಲೆ ಮಾಸ್ತರರ ಉಸಿರಾಟಕ್ಕೆ ಉಳಿಯಿತು. ಮೊದಲೇ ಕೊಟ್ಟಿದ್ದರೆ ಅಡಕತ್ತರಿಯ ನಡುವಿನ ಅಡಿಕೆಯಾಗುತ್ತಿದ್ದರು. ಬಲ್ಲವರು ಇದನ್ನು ಎಣಿಕೆ ಸರಿಪಡಿಸುವುದು ಎನ್ನುತ್ತಾರೆ: ಉಳಿದ ಟ್ರಿಕ್‌ಗಳಲ್ಲಿ ಒಂದನ್ನು ಬಿಟ್ಟು ಎಲ್ಲವೂ ನಿಮ್ಮ ಕೈಯಲ್ಲಿ ಖಚಿತವಾಗಿರಬೇಕು.

ಬಿಟ್ಟುಕೊಡುವುದರಿಂದ ಎಷ್ಟು ಲಾಭ? ಪಶ್ಚಿಮದಲ್ಲಿ ಐದು ಹಾರ್ಟ್, ಪೂರ್ವದಲ್ಲಿ ಎರಡು ಎಂದುಕೊಳ್ಳಿ. ಹಾರ್ಟ್ ಉದ್ದವಾಗಿರುವವರ ಕೈಯಲ್ಲಿ ಡೈಮಂಡ್‌ಗೆ ಜಾಗ ಕಡಿಮೆ, ಆದ್ದರಿಂದ 3-3 ಸಾಧ್ಯತೆ ಸುಮಾರು 34ಕ್ಕೆ ಇಳಿಯುತ್ತದೆ. ಪಶ್ಚಿಮದಲ್ಲಿ ನಾಲ್ಕು ಅಥವಾ ಹೆಚ್ಚು ಡೈಮಂಡ್ ಇರುವ ಹಂಚಿಕೆಗಳೂ ಈಗ ನಿಮ್ಮವೇ. ಅವು ಸುಮಾರು 17. ಒಟ್ಟು 51. ಹಾರ್ಟ್ 4-3 ಇದ್ದರೆ ಇದು 63ರ ಹತ್ತಿರ ಹೋಗುತ್ತದೆ. ಖರ್ಚು ಏನು? ಏನೂ ಇಲ್ಲ. ಆ ಹಾರ್ಟ್ ಹೇಗೂ ಸೋಲಲಿತ್ತು, ನೋಟ್ರಂಪ್ ಆದ್ದರಿಂದ ಯಾರೂ ತುರುಫು ಹಾಕಿ ಹೊಡೆಯುವಂತಿಲ್ಲ. ಹನ್ನೆರಡನೆಯ ಟ್ರಿಕ್‌ಗೆ ಬೇರೆ ದಾರಿ ಕಾಣದಿದ್ದಾಗ ಹೀಗೆ ಬಿಟ್ಟುಕೊಡುವುದಕ್ಕೆ ಎರಡು ಸಲ ಯೋಚಿಸಬೇಡಿ.

ಬಿಡಬಾರದ ಸಂದರ್ಭಗಳೂ ಇವೆ. ತುರುಫಿನ ಕಾಂಟ್ರ್ಯಾಕ್ಟ್‌ನಲ್ಲಿ ಮೊದಲ ಲೀಡ್ ಒಂಟಿ ಎಲೆಯಂತೆ ಕಂಡರೆ ಬಿಟ್ಟ ಎಕ್ಕ ಮುಂದಿನ ಸುತ್ತಿನಲ್ಲಿ ತುರುಫಿಗೆ ಬಲಿಯಾಗಬಹುದು. ಇನ್ನೊಂದು ಎಕ್ಕ ಎದುರಾಳಿಯ ಬಳಿ ಇದ್ದರೆ ಬಿಡುವ ಮಾತೇ ಇಲ್ಲ. ನಿಮ್ಮ ಪರವಾನಗಿ ಅಲ್ಲೇ ಮುಗಿದಿದೆ.

ಸ್ಕ್ವೀಜ್‌ಗೆ ಹೆದರುವವರು ‘ಐವತ್ತೆರಡು ಎಲೆ ಯಾರು ನೆನಪಿಡುತ್ತಾರೆ’ ಎನ್ನುತ್ತಾರೆ. ಈ ಕೈಯಲ್ಲಿ ನೆನಪಿಡಬೇಕಾದದ್ದು ಎರಡೇ ಸಂಗತಿ. ಹಾರ್ಟ್ 9ಕ್ಕಿಂತ ಮೇಲಿನ ಎಲೆಗಳೆಲ್ಲ ಬಿದ್ದವೇ? ಬೀಳದಿದ್ದರೆ ಡೈಮಂಡ್ ಮೇಲಿನಿಂದ ಆಡಿ. ಅಷ್ಟೇ. ಕ್ಲಬ್‌ನಲ್ಲಿ ಯಾರು ಏನು ಎಸೆದರು ಎಂಬುದು ನಿಮಗೆ ಬೇಡದ ಉಸಾಬರಿ. ನೀವು ನೋಡಬೇಕಾದ ಷರತ್ತುಗಳು ಹೀಗಿವೆ: ಎರಡು ಬಣ್ಣಗಳನ್ನೂ ಒಬ್ಬರೇ ಕಾಯುತ್ತಿರಬೇಕು, ಎಣಿಕೆ ಸರಿಯಿರಬೇಕು, ಬೆದರಿಕೆಯ ಎರಡೂ ಎಲೆಗಳನ್ನು (ಇಲ್ಲಿ ಹಾರ್ಟ್ 9, ಡಮ್ಮಿಯ ನಾಲ್ಕನೆಯ ಡೈಮಂಡ್) ತಲುಪಲು ದಾರಿ ಇರಬೇಕು, ಆ ಬಡಪಾಯಿಗಿಂತ ಮೊದಲು ನೀವೇ ಇಕ್ಕಟ್ಟಿಗೆ ಸಿಕ್ಕಬಾರದು. ಕೊನೆಯದನ್ನು ನಾನು ಹಲವು ಸಲ ಮರೆತಿದ್ದೇನೆ. ಉದ್ದನೆಯ ಬಣ್ಣ ಓಡಿಸುತ್ತ ಓಡಿಸುತ್ತ ಡಮ್ಮಿಯಿಂದ ಬೇಕಾದ ಎಲೆಯನ್ನೇ ಎಸೆದು ಜೊತೆಗಾರನ ನಿಟ್ಟುಸಿರು ಕೇಳಿದ್ದೇನೆ.

ವೈನಿ ಡೈಮಂಡ್ ಮುಟ್ಟಲಿಲ್ಲ

ಸ್ಕ್ವೀಜ್‌ನ ಹೆಸರಿಗೆ ಮರುಳಾಗಿ ಎಲ್ಲೆಡೆ ಅದನ್ನೇ ಹುಡುಕುವವರಿಗೆ ವೈನಿ ಆಡಿದ ಈ ಕೈ ಔಷಧಿ. ಆರು ಸ್ಪೇಡ್. ಡಮ್ಮಿಯಲ್ಲಿ ಸ್ಪೇಡ್ ರಾಜ ರಾಣಿ 8 4. ಹಾರ್ಟ್ ಎಕ್ಕ 3. ಡೈಮಂಡ್ ರಾಜ 10 3. ಕ್ಲಬ್ ಎಕ್ಕ 7 6 2. ವೈನಿಯ ಕೈಯಲ್ಲಿ ಸ್ಪೇಡ್ ಎಕ್ಕ ಗುಲಾಮ 10 9 5 2. ಹಾರ್ಟ್ 6 4. ಡೈಮಂಡ್ ಎಕ್ಕ ಗುಲಾಮ 5. ಕ್ಲಬ್ ರಾಜ 4. ಹಾರ್ಟ್ ಒಂದು ಖಂಡಿತ ಸೋಲು. ಡೈಮಂಡ್ ರಾಣಿ ಯಾರ ಬಳಿ? ಎರಡೂ ಕಡೆಯಿಂದ ಫಿನೆಸ್ ಮಾಡಬಹುದಾದ ಬಣ್ಣ, ಹಾಗಾಗಿ ನಾಣ್ಯ ಚಿಮ್ಮಿದಷ್ಟೇ ಅವಕಾಶ. ನಾನಾಗಿದ್ದರೆ ಹತ್ತು ನಿಮಿಷ ಎದುರಾಳಿಗಳ ಮುಖ ನೋಡುತ್ತಿದ್ದೆ.

ವೈನಿ ಯಾರ ಮುಖವನ್ನೂ ನೋಡಲಿಲ್ಲ. ಕ್ಲಬ್ ಲೀಡನ್ನು ರಾಜನಿಂದ ಗೆದ್ದರು. ಎರಡು ಸುತ್ತಿನಲ್ಲಿ ತುರುಫು ತೆಗೆದರು. ಕ್ಲಬ್ ಎಕ್ಕ, ಮತ್ತೊಂದು ಕ್ಲಬ್‌ಗೆ ಕೈಯಲ್ಲಿ ತುರುಫು, ಡಮ್ಮಿಯ ಸ್ಪೇಡ್ ರಾಜನಿಗೆ ಹೋಗಿ ಕೊನೆಯ ಕ್ಲಬ್‌ಗೂ ತುರುಫು. ಹಾರ್ಟ್ ಎಕ್ಕ, ಆಮೇಲೆ ಹಾರ್ಟ್ 3. ಅದನ್ನು ಗೆದ್ದವನು ನಾನು. ಗೆದ್ದ ಮೇಲೆ ಮುಂದೇನು ಆಡಲಿ? ವೈನಿಯ ಎರಡೂ ಕೈಗಳಲ್ಲಿ ಉಳಿದದ್ದು ಒಂದೊಂದು ತುರುಫು, ಮೂರು ಮೂರು ಡೈಮಂಡ್. ನಾನು ಹಾರ್ಟ್ ಅಥವಾ ಕ್ಲಬ್ ಆಡಿದರೆ ಒಂದು ಕಡೆ ತುರುಫು ಹಾಕಿ ಇನ್ನೊಂದು ಕಡೆಯಿಂದ ಡೈಮಂಡ್ ಎಸೆಯುತ್ತಾರೆ. ಡೈಮಂಡ್ ಆಡಿದರೆ ಅವರಿಗಾಗಿ ನಾನೇ ಫಿನೆಸ್ ಮಾಡಿಕೊಟ್ಟ ಹಾಗೆ. ರಾಣಿ ನನ್ನ ಬಳಿ ಇದ್ದರೂ ಒಂದೇ, ಜೊತೆಗಾರನ ಬಳಿ ಇದ್ದರೂ ಒಂದೇ. ಐವತ್ತು ಶೇಕಡಾ ಇದ್ದದ್ದು ನೂರಾಯಿತು. ಗಿರಮಿಟ್ಟಿಗೆ ಈರುಳ್ಳಿ ಹೆಚ್ಚಿದಷ್ಟು ನಿರಾಳವಾಗಿ ಆಡಿ ಮುಗಿಸಿ ಚಹಾ ಇಡಲು ಎದ್ದರು.

ಇಲ್ಲಿ ಹಾರ್ಟ್ ಸೋಲನ್ನು ಮೊದಲೇ ಕೊಟ್ಟಿದ್ದರೆ? ನಾನು ನಿಶ್ಚಿಂತೆಯಿಂದ ಕ್ಲಬ್ ಆಡಿ ಪಾರಾಗುತ್ತಿದ್ದೆ, ರಾಣಿಯ ತಲೆನೋವು ಅವರದೇ ಆಗಿ ಉಳಿಯುತ್ತಿತ್ತು. ಎಂಡ್‌ಪ್ಲೇಯ ಗುರುತು ಸುಲಭ: ತುರುಫಿನ ಕಾಂಟ್ರ್ಯಾಕ್ಟ್, ಎರಡೂ ಕೈಗಳಲ್ಲಿ ತುರುಫು ಮಿಗುವಷ್ಟು ಉದ್ದ, ನೀವಾಗಿ ಮುಟ್ಟಲು ಇಷ್ಟವಿಲ್ಲದ ಒಂದು ಬಣ್ಣ, ತಪ್ಪಿಸಲಾಗದ ಒಂದು ಸೋಲು. ಈ ನಾಲ್ಕೂ ಕಂಡರೆ ಬೇರೆ ಯಾವ ಲೆಕ್ಕವನ್ನೂ ಹಾಕಬೇಡಿ. ನನ್ನ ಮಟ್ಟಿಗೆ ಸ್ಲ್ಯಾಮ್‌ನ ಎಲ್ಲ ದಾರಿಗಳಲ್ಲಿ ಇದಕ್ಕೇ ಮೊದಲ ಮಣೆ, ಏಕೆಂದರೆ ಇಲ್ಲಿ ಅದೃಷ್ಟ ಬೇಕಾಗುವುದು ಅಪರೂಪ.

ಫಿನೆಸ್: ಮೊದಲೋ ಕೊನೆಗೋ?

ಫಿನೆಸ್ ಶೇಕಡಾ 50 ಎಂದು ಎಲ್ಲರಿಗೂ ಗೊತ್ತು. ಗೊತ್ತಿರುವುದೇ ತೊಂದರೆ, ಲೆಕ್ಕ ಅಲ್ಲಿಗೇ ನಿಂತುಬಿಡುತ್ತದೆ.

ಒಂದು ಟ್ರಿಕ್ ಸೋಲಲು ಇನ್ನೂ ಅವಕಾಶ ಇದ್ದಾಗ ಫಿನೆಸನ್ನು ಬೇಗ ಮಾಡಿ. ಕೈಯಲ್ಲಿ ಕ್ಲಬ್ ಎಕ್ಕ ರಾಣಿ ಗುಲಾಮ, ಡಮ್ಮಿಯಲ್ಲಿ 10 5 4 ಎಂದುಕೊಳ್ಳಿ. ಗೆದ್ದರೆ ಮೂರು ಟ್ರಿಕ್, ಆಟ ಮುಗಿಯಿತು. ಸೋತರೂ ಎರಡು ಟ್ರಿಕ್ ಉಳಿದಿವೆ, ಜೊತೆಗೆ ಎಣಿಕೆ ತಾನಾಗಿ ಸರಿಯಾಗಿದೆ. ಆಮೇಲೆ ಡೈಮಂಡ್ 3-3 ಆಗಲಿ, ಸ್ಕ್ವೀಜ್ ಆಗಲಿ, ಎರಡನೆಯ ಅವಕಾಶ ಜೀವಂತ. ಇದೇ ಫಿನೆಸನ್ನು ಹನ್ನೊಂದನೆಯ ಟ್ರಿಕ್‌ಗೆ ಮುಂದೂಡಿದರೆ ಸೋತ ಮೇಲೆ ಆಡಲು ಏನೂ ಉಳಿದಿರುವುದಿಲ್ಲ.

ಸೋಲಲು ಅವಕಾಶ ಇಲ್ಲದಿದ್ದಾಗ, ಅಂದರೆ ಹದಿಮೂರೂ ಟ್ರಿಕ್ ಗೆಲ್ಲಬೇಕಾದ ಗ್ರ್ಯಾಂಡ್ ಸ್ಲ್ಯಾಮ್‌ನಲ್ಲಿ ಅಥವಾ ಒಂದು ಎಕ್ಕ ಆಗಲೇ ಹೋದ ಸಣ್ಣ ಸ್ಲ್ಯಾಮ್‌ನಲ್ಲಿ, ಕ್ರಮ ತಿರುಗುಮುರುಗು. ಎರಡು ಬಣ್ಣಗಳಲ್ಲಿ ಎಕ್ಕ ರಾಜ ಗುಲಾಮ ಇವೆ, ಎರಡರಲ್ಲೂ ರಾಣಿ ಹೊರಗೆ, ಒಂದು ರಾಣಿ ಸಿಕ್ಕರೂ ಸಾಕು. ಎರಡು ಕೈ ಸೇರಿ ಎಂಟು ಎಲೆ ಇರುವ ಬಣ್ಣದಲ್ಲಿ ಮೊದಲು ಎಕ್ಕ ರಾಜ ಹಾಕಿ ನೋಡಿ. ಹೊರಗಿನ ಐದು ಎಲೆಗಳಲ್ಲಿ ರಾಣಿ ಎರಡು ಸುತ್ತಿನೊಳಗೆ ಬೀಳುವ ಸಾಧ್ಯತೆ ಸುಮಾರು 33. ಬೀಳದಿದ್ದರೆ ಇನ್ನೊಂದು ಬಣ್ಣದಲ್ಲಿ ಫಿನೆಸ್. ಒಟ್ಟು ಸುಮಾರು 66. ಅದೇ ಪರೀಕ್ಷೆಯನ್ನು ಏಳು ಎಲೆಯ ಬಣ್ಣದಲ್ಲಿ ಮಾಡಿದರೆ ರಾಣಿ ಬೀಳುವುದು ಸುಮಾರು 19, ಒಟ್ಟು 59. ಉದ್ದನೆಯ ಬಣ್ಣದಲ್ಲಿ ಬೀಳಿಸಲು ನೋಡಿ, ಗಿಡ್ಡ ಬಣ್ಣದಲ್ಲಿ ಫಿನೆಸ್ ಮಾಡಿ.

ಒಂಬತ್ತು ಎಲೆ ನಿಮ್ಮವಾಗಿ ರಾಣಿ ಹೊರಗಿದ್ದರೆ ಫಿನೆಸೋ ಬೀಳಿಸುವುದೋ ಎಂಬ ಜಗಳ ಎಲ್ಲ ಮೇಜುಗಳಲ್ಲೂ ನಡೆಯುತ್ತದೆ. ಬೀಳಿಸುವುದು ಮೇಲು, ಆದರೆ ಅಂತರ ಎರಡು ಶೇಕಡಾಕ್ಕಿಂತ ಕಡಿಮೆ. ಬಿಡ್ಡಿಂಗ್‌ನಿಂದ ಒಂದು ಸಣ್ಣ ಸುಳಿವು ಸಿಕ್ಕರೂ ಈ ಎರಡು ಶೇಕಡಾ ತೂರಿಹೋಗುತ್ತದೆ. ಎಡಗಡೆಯವರು ಬಿಡ್ಡಿಂಗ್ ತೆರೆದಿದ್ದಾರೆ, ನಿಮ್ಮ ಎರಡು ಕೈಗಳಲ್ಲಿ 28 ಪಾಯಿಂಟ್ (ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1), ಹೊರಗೆ ಉಳಿದದ್ದು 12 ಎಂದಾದರೆ ಕಾಣದ ರಾಜ ಎಲ್ಲಿದ್ದಾನೆ ಎಂದು ಕೇಳಬೇಕಾಗಿಯೇ ಇಲ್ಲ. ಬಲಗಡೆಯವರಲ್ಲಿ ರಾಜ ಇದ್ದರೆ ಮಾತ್ರ ಗೆಲ್ಲುವ ಫಿನೆಸ್ ಆಗ ಐವತ್ತಲ್ಲ, ಬಹುಪಾಲು ಸೊನ್ನೆ. ಕಾಯಬೇಕಾದ ಎಲೆಗಳೆಲ್ಲ ಒಬ್ಬರ ತಲೆಯ ಮೇಲೇ ಬಿದ್ದಿರುವುದರಿಂದ ಸ್ಕ್ವೀಜ್ ಅಥವಾ ಎಂಡ್‌ಪ್ಲೇ ನೂರರ ಹತ್ತಿರ ಹೋಗುತ್ತದೆ.

ಉಳಿದವು ಚುರುಕಾಗಿ

ಡಮ್ಮಿಯಲ್ಲಿ ಎಕ್ಕ ರಾಜ ಸೇರಿ ಐದು ಎಲೆಯ ಬಣ್ಣ, ಕೈಯಲ್ಲಿ ಎರಡು ಸಣ್ಣ ಎಲೆ ಇದ್ದರೆ ಫಿನೆಸ್ ಮರೆತು ಆ ಬಣ್ಣ ಕಟ್ಟಿ. ಎಕ್ಕ, ರಾಜ, ಎರಡು ಸಲ ತುರುಫು. 3-3 ಅಥವಾ 4-2 ಹಂಚಿಕೆಯಲ್ಲಿ ಐದನೆಯ ಎಲೆ ನಿಲ್ಲುತ್ತದೆ, ಅದು ಶೇಕಡಾ 84. ಆದರೆ 4-2 ಇದ್ದಾಗ ಡಮ್ಮಿಗೆ ಹೊರಗಿನಿಂದ ಇನ್ನೂ ಎರಡು ದಾರಿ ಬೇಕು, ಒಂದು ತುರುಫು ಹಾಕಲು, ಒಂದು ನಿಂತ ಎಲೆ ವಸೂಲಿಗೆ. ತುರುಫು ಪೂರ್ತಿ ತೆಗೆಯುವ ಮೊದಲು ಈ ದಾರಿಗಳನ್ನು ಎಣಿಸಿ. ನಮ್ಮ ಬ್ಯಾಂಕಿನವ ಎಣಿಸುವುದಿಲ್ಲ.

ಗ್ರ್ಯಾಂಡ್ ಸ್ಲ್ಯಾಮ್‌ನಲ್ಲಿ ಹನ್ನೆರಡು ಟ್ರಿಕ್ ಖಚಿತವಿದ್ದರೆ ಎಣಿಕೆ ಹುಟ್ಟಿನಿಂದಲೇ ಸರಿ. ಏನನ್ನೂ ಬಿಟ್ಟುಕೊಡದೆ ಗೆಲ್ಲುವ ಎಲೆಗಳನ್ನೆಲ್ಲ ಓಡಿಸಿ. ನಿಜವಾದ ಸ್ಕ್ವೀಜ್ ಇಲ್ಲದಿದ್ದರೂ ಓಡಿಸಿ, ಏಕೆಂದರೆ ಎದುರಾಳಿಗೆ ನಿಮ್ಮ ಎಲೆಗಳು ಕಾಣುವುದಿಲ್ಲ; ತಪ್ಪು ಎಲೆ ಎಸೆಯುವ ಅವಕಾಶವನ್ನು ಅವರಿಗೂ ಕೊಡಬೇಕು. ಇಬ್ಬರನ್ನೂ ಒಟ್ಟಿಗೆ ಹಿಂಡುವ ಡಬಲ್ ಸ್ಕ್ವೀಜ್ ಬಗ್ಗೆ ಓದುವುದು ಸೊಗಸು. ನಮ್ಮ ಮೇಜಿನಲ್ಲಿ ಅದು ಆಗಿದ್ದು ಒಂದೇ ಸಲ, ಆಡಿದವನಿಗೆ ಗೊತ್ತಾಗದ ಹಾಗೆ.

1925ರಲ್ಲಿ ಹೆರಾಲ್ಡ್ ವಾಂಡರ್‌ಬಿಲ್ಟ್ ಹಡಗಿನ ಪ್ರಯಾಣದಲ್ಲಿ ಇಂದಿನ ಅಂಕಪದ್ಧತಿಗೆ ರೂಪ ಕೊಟ್ಟಾಗ, ಹೇಳಿ ಆಡಿದ ಸ್ಲ್ಯಾಮ್‌ಗೆ ದೊಡ್ಡ ಬಹುಮಾನ ಇಟ್ಟ. ಈಗ ಸಣ್ಣ ಸ್ಲ್ಯಾಮ್‌ಗೆ 500 ಅಥವಾ ವಲ್ನರಬಲ್ ಇದ್ದರೆ 750. ಒಂದು ಟ್ರಿಕ್‌ಗಾಗಿ ಇಷ್ಟು ತಲೆ ಕೆಡಿಸಿಕೊಳ್ಳುವುದಕ್ಕೆ ಅವನೇ ಕಾರಣ. ಮಾಸ್ತರರ ಲೆಕ್ಕ ಬೇರೆ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಪ್ರಣಬ್ ಬರ್ಧನ್, ಶಿಬ್‌ನಾಥ್ ಸರ್ಕಾರ್ ಜೋಡಿ ಬ್ರಿಜ್‌ನಲ್ಲಿ ಚಿನ್ನ ಗೆದ್ದಾಗ ಬರ್ಧನ್ ಅವರಿಗೆ 60 ವರ್ಷ ಎಂಬುದನ್ನು ಅವರು ಪ್ರತಿ ತಿಂಗಳು ಒಮ್ಮೆಯಾದರೂ ನೆನಪಿಸುತ್ತಾರೆ, ಸಾಮಾನ್ಯವಾಗಿ ತಾವು ಸೋತ ದಿನ.

ದೀಪಾವಳಿಯ ಹಿಂದಿನ ವಾರ ನನಗೆ ಮತ್ತೆ ಆರು ನೋಟ್ರಂಪ್ ಬಂತು. ಹನ್ನೊಂದು ಟ್ರಿಕ್, ಮಾಸ್ತರರ ಲೀಡ್ ಮತ್ತೆ ಹಾರ್ಟ್ ರಾಜ, ಡಮ್ಮಿಯಲ್ಲಿ ಮತ್ತೆ ನಾಲ್ಕು ಡೈಮಂಡ್. ಈ ಸಲ ನಾನು ಎಕ್ಕ ಮುಟ್ಟಲಿಲ್ಲ. ಮಾಸ್ತರರು ಕನ್ನಡಕದ ಮೇಲಿನಿಂದ ಒಮ್ಮೆ ನೋಡಿ ಹಾರ್ಟ್ ರಾಣಿ ಹಾಕಿದರು. ಗೆದ್ದೆ. ಕಪ್ಪು ಎಲೆಗಳನ್ನೆಲ್ಲ ಓಡಿಸಿದೆ, ಎದೆ ಢವಢವ. ಕೊನೆಯ ಕ್ಲಬ್‌ಗೆ ಮಾಸ್ತರರು ಸಲೀಸಾಗಿ ಒಂದು ಡೈಮಂಡ್ ಎಸೆದರು. ಡೈಮಂಡ್ ಎಕ್ಕ, ರಾಜ, ರಾಣಿ ಆಡಿದೆ. ನಾಲ್ಕನೆಯ ಡೈಮಂಡ್‌ಗೆ ಗುಲಾಮ ಬಂದದ್ದು ಬಲಗಡೆಯಿಂದ, ವೈನಿಯ ಕೈಯಿಂದ. ಮತ್ತೆ 100 ಅಂಕ ಅವರಿಗೆ. ಮಾಸ್ತರರು ಬರೆದುಕೊಂಡು, ಪೆನ್ಸಿಲ್ ಕೆಳಗಿಟ್ಟು, ‘ಸರಿಯಾಗಿಯೇ ಆಡಿದೆ’ ಎಂದರು. ವೈನಿ ಇನ್ನೊಂದು ಪೇಡೆ ಕೊಟ್ಟರು.